ತೋಟಕ್ಕಿಳಿದ ಮೇಲೂ ಕಾಣುವ ಚಿತ್ರ

(ಶಿವಮೊಗ್ಗದಲ್ಲಿ ಮೊಬೈಲ್ ಆ್ಯಪ್ ಬರೆಯುವ ಗೆಳೆಯರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಅಂದು ತೆರೆಯ ಮೇಲೆ ತೋರಿಸಿದ ಕೋಡ್ ಇಲ್ಲಿಲ್ಲ. ಅದು ಮಾಡುವ ಕೆಲಸವನ್ನು ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸರ್ವರ್‌ನಲ್ಲಿರುವ ಚಿತ್ರಗಳನ್ನು ಫ್ಲಟ್ಟರ್ ಆ್ಯಪ್‌ನಲ್ಲಿ ಕ್ಯಾಶ್ ಮಾಡುವುದು ಹೇಗೆ, ಅದಕ್ಕೆಂದು ಒಂದೇ ಒಂದು ವಿಜೆಟ್ ಬರೆದು ಎಲ್ಲ ಕಡೆ ಅದನ್ನೇ ಬಳಸುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಹೊಸಬರಿಗೆ ಒಂದು ಮಾತು: ಫ್ಲಟ್ಟರ್ ಎಂದರೆ ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಸಲಕರಣೆ, ಕ್ಯಾಶ್ ಎಂದರೆ ಒಮ್ಮೆ ತಂದದ್ದನ್ನು ಮತ್ತೆ ಬಳಸಲು ಹತ್ತಿರ ಇಟ್ಟುಕೊಳ್ಳುವುದು, ವಿಜೆಟ್ ಎಂದರೆ ಪರದೆಯ ಒಂದು ಭಾಗವನ್ನು ಬರೆಯುವ ಕೋಡಿನ ತುಣುಕು. ಯಾರೋ ಬರೆದಿಟ್ಟ ಸಿದ್ಧ ಕೋಡ್, ಅಂದರೆ ಒಂದು ಲೈಬ್ರರಿಯ ಹೆಸರು ಹೇಳಿ ನಾಲ್ಕು ಸಾಲು ಕೋಡ್ ತೋರಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುವ ವಿಷಯ ಎಂದು ನಾನೂ ತಿಳಿದಿದ್ದೆ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದಲ್ಲಿ ನಿಂತ ದಿನ ಆ ತಿಳಿವಳಿಕೆ ಬದಲಾಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಅಡಿಕೆ ಬೆಳೆಗಾರರಿಗಾಗಿ ನಾವು ನಾಲ್ವರು ಸೇರಿ ಒಂದು ಸಣ್ಣ ಆ್ಯಪ್ ಮಾಡಿದ್ದೆವು. ಮರದಲ್ಲಿ ಏನಾದರೂ ರೋಗ ಕಂಡರೆ ಫೋಟೊ ತೆಗೆದು ಕಳಿಸುವುದು, ತಿಳಿದವರು ನೋಡಿ ಉತ್ತರ ಬರೆಯುವುದು. ಅದರ ಜತೆಗೆ ಎಲೆಚುಕ್ಕಿ, ಕೊಳೆ, ಹಳದಿ ಎಲೆ, ಹಿಂಗಾರ ಒಣಗುವುದು, ಹೀಗೆ ಒಂದೊಂದು ರೋಗಕ್ಕೂ ಹಲವು ಹಂತದ ಚಿತ್ರಗಳಿರುವ ಒಂದು ಚಿತ್ರಕೋಶ. ರೈತರು ತಮ್ಮ ಮರದ ಸೋಗೆಯನ್ನು ಫೋನಿನ ಪಕ್ಕ ಹಿಡಿದು ಹೋಲಿಸಿ ನೋಡಲಿ ಎಂಬುದು ನಮ್ಮ ಆಸೆ. ಎಲೆಚುಕ್ಕಿಯಲ್ಲಿ ಕಂದು ಚುಕ್ಕೆಯ ಸುತ್ತ ಹಳದಿ ಅಂಚು ಕಾಣುತ್ತದೆ, ಆಮೇಲೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಸೋಗೆ ಒಣಗುತ್ತದೆ. ಆ ಅಂಚು ಚಿತ್ರದಲ್ಲಿ ಸರಿಯಾಗಿ ಕಾಣದಿದ್ದರೆ ಆ ಚಿತ್ರ ಇದ್ದೂ ಪ್ರಯೋಜನವಿಲ್ಲ.

ಆ ಮನೆಯ ಯಜಮಾನರು ಜಗಲಿಯಲ್ಲಿ ಕೂತು ಆ್ಯಪ್ ತೆರೆದರು. ಮನೆಯಲ್ಲಿ ವೈಫೈ ಇತ್ತು, ಚಿತ್ರಗಳು ಚಕಚಕನೆ ಬಂದವು. ನೋಡಿ ಮುಚ್ಚಿದರು. "ಬಾ, ತೋಟದಲ್ಲೇ ನೋಡುವ" ಎಂದು ಕರೆದುಕೊಂಡು ಹೋದರು. ಮಲೆನಾಡಿನ ತೋಟ ಎಂದರೆ ನಿಮಗೆ ಗೊತ್ತು, ಗುಡ್ಡದ ನಡುವಿನ ತಗ್ಗು. ಇಳಿಯುತ್ತಾ ಹೋದ ಹಾಗೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಕೆಳಗೆ ಹೋಗಿ, ಬಿದ್ದ ಒಂದು ಸೋಗೆಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಆ್ಯಪ್ ತೆರೆದರು. ರೋಗದ ಹೆಸರು ಬಂತು, ವಿವರಣೆ ಬಂತು, ಯಾಕೆಂದರೆ ಅಕ್ಷರವನ್ನೆಲ್ಲ ನಾವು ಫೋನಿನೊಳಗೇ ಇಟ್ಟಿದ್ದೆವು. ಚಿತ್ರದ ಜಾಗದಲ್ಲಿ ಮಾತ್ರ ಬೂದು ಚೌಕ, ಅದರ ನಡುವೆ ತಿರುಗುವ ಚಕ್ರ. "ಎಂಥ ಮಾರಾಯಾ ಇದು? ಜಗಲೀಲಿ ಕಂಡ ಚಿತ್ರ ಈಗ ಗಾಣದ ಎತ್ತಿನ ತರ ಸುತ್ತುತಾ ಇದ್ಯಲ್ಲ!" ಅಂದರು.

ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅರ್ಧ ಗಂಟೆ ಹಿಂದೆ ಅದೇ ಫೋನಿಗೆ, ಅವರದೇ ಡೇಟಾದಲ್ಲಿ ಬಂದು ಇಳಿದಿದ್ದ ಚಿತ್ರ ಅದು. ನಾವು ಅದನ್ನು ಬಿಸಾಡಿದ್ದೆವು.

ಕ್ಯಾಶ್ ಎಂದರೆ ವೇಗ ಎಂದು ನಾವೆಲ್ಲ ಕಲಿತಿದ್ದೇವೆ. ವೇಗ ಹೇಗೂ ಸಿಗುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚಿತ್ರವನ್ನು ಕ್ಯಾಶ್ ಮಾಡುವಾಗ ನಾವು ನಿಜವಾಗಿ ತೀರ್ಮಾನಿಸುತ್ತಿರುವುದು, ನೆಟ್‌ವರ್ಕ್ ಹೋದ ಮೇಲೆ ಯಾವ ಚಿತ್ರ ಬಳಕೆದಾರರ ಕೈಯಲ್ಲಿ ಉಳಿಯಬೇಕು ಎಂಬುದನ್ನು. ಅಂಥ ತೀರ್ಮಾನ ಆ್ಯಪಿನ ಹದಿನೇಳು ಪರದೆಗಳಲ್ಲಿ ಹದಿನೇಳು ಬಗೆಯಲ್ಲಿ ಆಗಬಾರದು, ಒಂದು ಜಾಗದಲ್ಲಿ ಆಗಬೇಕು. ಆ ಒಂದು ಜಾಗವೇ ವಿಜೆಟ್. ಇವತ್ತು ನಾನು ಹೇಳುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಮೊದಲು, ಏನಾಗಿತ್ತು ಎಂದು ನೋಡೋಣ. ನಾವು ಬಳಸಿದ್ದು ಫ್ಲಟ್ಟರ್ ಜತೆಗೇ ಬರುವ ಇಮೇಜ್ ಡಾಟ್ ನೆಟ್‌ವರ್ಕ್. ಅದಕ್ಕೆ ಕ್ಯಾಶ್ ಇಲ್ಲವೇ ಎಂದರೆ ಇದೆ. ಫ್ಲಟ್ಟರ್‌ನೊಳಗೆ ಇಮೇಜ್‌ಕ್ಯಾಶ್ ಎಂಬುದೊಂದಿದೆ. ನಾವೇನೂ ಬದಲಿಸದಿದ್ದರೆ ಅದು 1000 ಚಿತ್ರಗಳವರೆಗೆ, ಅಥವಾ ಒಟ್ಟು 100 ಎಂಬಿ ಆಗುವವರೆಗೆ ಇಟ್ಟುಕೊಳ್ಳುತ್ತದೆ. ಎರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ, ಬಹಳ ಹೊತ್ತಿನಿಂದ ಬಳಸದ ಚಿತ್ರವನ್ನು ಹೊರಗೆ ಹಾಕುತ್ತದೆ. ಆದರೆ ಇದು ಪೂರ್ತಿ ಮೆಮೊರಿಯಲ್ಲಿರುವ ಕ್ಯಾಶ್. ಆ್ಯಪ್ ಮುಚ್ಚಿದರೆ ಅದೂ ಹೋಯಿತು. ಬ್ರೌಸರ್‌ನಲ್ಲಾದರೆ ಕೆಳಗೆ ಬ್ರೌಸರಿನ ಕ್ಯಾಶ್ ಇರುತ್ತದೆ, ಹಾಗಾಗಿ ವೆಬ್‌ನಿಂದ ಬಂದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಮೊಬೈಲ್‌ನಲ್ಲಿ ಸರ್ವರ್‌ನಿಂದ ಫೈಲ್ ತರುವ, ಡಾರ್ಟ್‌ನ (ಫ್ಲಟ್ಟರ್ ಆ್ಯಪ್ ಬರೆಯುವ ಭಾಷೆ) ಎಚ್‌ಟಿಟಿಪಿ ಕ್ಲೈಂಟ್ ಫೋನಿನ ಸ್ಟೋರೇಜ್‌ಗೆ ತಾನಾಗಿ ಏನನ್ನೂ ಬರೆದಿಡುವುದಿಲ್ಲ. ಸರ್ವರ್ ಎಷ್ಟೇ ಚೆನ್ನಾಗಿ ಕ್ಯಾಶ್-ಕಂಟ್ರೋಲ್ ಹೆಡರ್, ಅಂದರೆ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಸೂಚನೆ, ಕಳಿಸಿದರೂ ಅದನ್ನು ಓದುವವರು ಯಾರೂ ಇಲ್ಲ.

ನಮ್ಮ ಕಡೆಯ ಮನೆಗಳನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಒಲೆಯ ಪಕ್ಕ ಸಾಸಿವೆ, ಜೀರಿಗೆ, ಮೆಂತ್ಯದ ಬಟ್ಟಲುಗಳಿರುತ್ತವೆ. ಕೈ ಚಾಚಿದರೆ ಸಿಗುತ್ತವೆ, ಆದರೆ ಅಲ್ಲಿ ಜಾಗ ಕಡಿಮೆ. ಮೇಲೆ ಅಟ್ಟ ಇದೆ. ಮಳೆಗಾಲಕ್ಕೆ ಮುಂಚೆ ಅಕ್ಕಿ, ಬೆಲ್ಲ, ಹಪ್ಪಳ, ಒಣಮೆಣಸು ಎಲ್ಲ ಅಲ್ಲಿಗೆ ಏರಿಸಿಡುತ್ತಾರೆ. ಏಣಿ ಹತ್ತಿ ಇಳಿಸಬೇಕು, ಆದರೂ ಸಾಮಾನು ಮನೆಯೊಳಗೇ ಇದೆ. ಕೊನೆಗೆ ಪೇಟೆ. ಹೊಳೆ ತುಂಬಿ ದಾರಿ ಕಟ್ಟಿದರೆ ಪೇಟೆ ಇದ್ದೂ ಇಲ್ಲ. ಬಟ್ಟಲು ಮೆಮೊರಿ, ಅಟ್ಟ ಫೋನಿನ ಸ್ಟೋರೇಜ್, ಪೇಟೆ ಸರ್ವರ್. ನಮ್ಮ ಆ್ಯಪ್‌ಗೆ ಬಟ್ಟಲಿತ್ತು, ಪೇಟೆ ಇತ್ತು, ಅಟ್ಟ ಇರಲಿಲ್ಲ.

ಅಟ್ಟ ಕಟ್ಟಿಕೊಡುವ ಲೈಬ್ರರಿಗಳು ಎಲ್ಲ ಕಡೆ ಇವೆ. ಆಂಡ್ರಾಯ್ಡ್‌ನಲ್ಲೇ ಬರೆಯುವವರಿಗೆ ಗ್ಲೈಡ್, ಕಾಯಿಲ್, ಐಫೋನ್‌ನಲ್ಲಿ ಕಿಂಗ್‌ಫಿಷರ್, ಎಸ್‌ಡಿವೆಬ್‌ಇಮೇಜ್. ಫ್ಲಟ್ಟರ್‌ನಲ್ಲಿ ಬಹಳ ಜನ ಬಳಸುವುದು ಕ್ಯಾಶ್ಡ್ ನೆಟ್‌ವರ್ಕ್ ಇಮೇಜ್. ಅದರ ಕೆಳಗೆ ಫ್ಲಟ್ಟರ್ ಕ್ಯಾಶ್ ಮ್ಯಾನೇಜರ್ ಎಂಬ ಇನ್ನೊಂದು ಪ್ಯಾಕೇಜ್ ಕೆಲಸ ಮಾಡುತ್ತದೆ. ಇಳಿಸಿದ ಫೈಲನ್ನು ಆ್ಯಪಿನ ಕ್ಯಾಶ್ ಫೋಲ್ಡರ್‌ನಲ್ಲಿ ಇಡುತ್ತದೆ. ಯಾವ ವಿಳಾಸದ್ದು, ಎಲ್ಲಿಯವರೆಗೆ ತಾಜಾ, ಕೊನೆಗೆ ಮುಟ್ಟಿದ್ದು ಯಾವಾಗ ಎಂಬ ಲೆಕ್ಕವನ್ನು ಒಂದು ಸಣ್ಣ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ನಾವೂ ಇದನ್ನೇ ತಂದೆವು. ಎಲ್ಲ ಕಡೆ ಹಳೆಯ ಹೆಸರು ತೆಗೆದು ಹೊಸ ಹೆಸರು ಹಾಕಿದೆವು, ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಮರುವಾರವೇ ಕಡಿಮೆ ಬೆಲೆಯ ಫೋನ್ ಇದ್ದವರಿಂದ ದೂರು ಶುರುವಾಯಿತು. ರೈತರು ಕಳಿಸಿದ ಫೋಟೊಗಳ ಪಟ್ಟಿಯಲ್ಲಿ ಬೆರಳಾಡಿಸಿದರೆ ಆ್ಯಪ್ ತಾನಾಗಿ ಮುಚ್ಚಿಹೋಗುತ್ತದೆ ಎಂದು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಚಿತ್ರಗಳ ವಿಷಯದಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ.

ಈಗಿನ ಸಾಧಾರಣ ಫೋನಿನ ಕ್ಯಾಮೆರಾ ಕೂಡ 12 ಮೆಗಾಪಿಕ್ಸೆಲ್ ಚಿತ್ರ ತೆಗೆಯುತ್ತದೆ. ಅಂದರೆ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ಫೈಲ್ ನೋಡಿದರೆ ಮೂರ್ನಾಲ್ಕು ಎಂಬಿ, ಯಾಕೆಂದರೆ ಜೆಪೆಗ್ ಅದನ್ನು ಹಿಂಡಿ ಇಟ್ಟಿರುತ್ತದೆ. ಪರದೆಯ ಮೇಲೆ ಬರೆಯಬೇಕಾದರೆ ಆ ಹಿಂಡಿದ್ದನ್ನು ಬಿಡಿಸಲೇಬೇಕು. ಬಿಡಿಸಿದಾಗ ಒಂದೊಂದು ಪಿಕ್ಸೆಲ್‌ಗೆ 4 ಬೈಟ್: ಕೆಂಪು, ಹಸಿರು, ನೀಲಿ, ಪಾರದರ್ಶಕತೆ. 4000 ಗುಣಿಸು 3000 ಗುಣಿಸು 4, ಒಟ್ಟು 4 ಕೋಟಿ 80 ಲಕ್ಷ ಬೈಟ್. ಹತ್ತಿರ ಹತ್ತಿರ 48 ಎಂಬಿ. ಪಟ್ಟಿಯಲ್ಲಿ ಹೆಬ್ಬೆರಳಿನಷ್ಟು ಕಾಣುವ ಒಂದು ಚಿತ್ರಕ್ಕೆ 48 ಎಂಬಿ! ಫ್ಲಟ್ಟರ್‌ನ 100 ಎಂಬಿ ಕ್ಯಾಶ್‌ನಲ್ಲಿ ಇಂಥವು ಎರಡು ಹಿಡಿದರೆ ಹೆಚ್ಚು. ಮೂರನೆಯದು ಬಂದಾಗ ಮೊದಲನೆಯದು ಹೊರಗೆ. ಮೇಲಕ್ಕೆ ಸ್ಕ್ರೋಲ್ ಮಾಡಿದರೆ ಮತ್ತೆ ಅದನ್ನು ಬಿಡಿಸಬೇಕು. ಪರದೆಯ ಮೇಲೆ ಒಮ್ಮೆಗೇ ಎಂಟು ಸಾಲು ಕಾಣುತ್ತಿದ್ದರೆ ಆ ಎಂಟನ್ನೂ ಹಿಡಿದಿರಲೇಬೇಕು. 2 ಅಥವಾ 3 ಜಿಬಿ ರ‍್ಯಾಮ್‌ನ ಫೋನ್ ಇದನ್ನು ಎಷ್ಟು ಹೊತ್ತು ತಡೆದೀತು? ಆಂಡ್ರಾಯ್ಡ್ ಆ್ಯಪನ್ನು ಕೊಂದುಹಾಕುತ್ತದೆ.

ಫೈಲಿನ ಗಾತ್ರ ಡೇಟಾ ಪ್ಯಾಕ್‌ನ ಲೆಕ್ಕ, ಪಿಕ್ಸೆಲ್‌ಗಳ ಸಂಖ್ಯೆ ಮೆಮೊರಿಯ ಲೆಕ್ಕ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಪುಟದಲ್ಲಿ ಬರೆದುಕೊಳ್ಳಿ. ಚಿತ್ರವನ್ನು ವೆಬ್‌ಪಿ (ಜೆಪೆಗ್‌ಗಿಂತ ಹೆಚ್ಚು ಹಿಂಡುವ ಇನ್ನೊಂದು ರೂಪ) ಮಾಡಿ ಫೈಲ್ ಅರ್ಧಕ್ಕಿಳಿಸಿದರೂ ಬಿಡಿಸಿದ ಮೇಲೆ ಅದೇ 48 ಎಂಬಿ.

ಪರಿಹಾರ ಸರಳ. ಬಿಡಿಸುವಾಗಲೇ ಎಷ್ಟು ಬೇಕೋ ಅಷ್ಟು ದೊಡ್ಡದಾಗಿ ಬಿಡಿಸು ಎಂದು ಹೇಳಬೇಕು. ಇಮೇಜ್ ವಿಜೆಟ್‌ನಲ್ಲಿ ಅದಕ್ಕೆ ಕ್ಯಾಶ್‌ವಿಡ್ತ್ ಎಂಬ ಮೌಲ್ಯವಿದೆ, ಕ್ಯಾಶ್ಡ್ ನೆಟ್‌ವರ್ಕ್ ಇಮೇಜ್‌ನಲ್ಲಿ ಮೆಮ್‌ಕ್ಯಾಶ್‌ವಿಡ್ತ್. ಪಟ್ಟಿಯ ಚಿತ್ರ 72 ಅಳತೆಯ ಚೌಕ ಎಂದುಕೊಳ್ಳಿ. ಫೋನಿನ ಪಿಕ್ಸೆಲ್ ಅನುಪಾತ 3 ಇದ್ದರೆ, ಅಂದರೆ ಒಂದು ಅಳತೆಯಲ್ಲಿ ಮೂರು ಪಿಕ್ಸೆಲ್ ಇದ್ದರೆ, ನಿಜವಾಗಿ ಬೇಕಾಗುವುದು 216 ಪಿಕ್ಸೆಲ್. ಹಾಗೆಂದು 216 ಎಂದೇ ಕೊಟ್ಟರೆ ಒಂದು ಎಡವಟ್ಟು. ಅಗಲ 216 ಆದರೆ ಎತ್ತರ 162, ಚೌಕವನ್ನು ತುಂಬಿಸಲು ಮತ್ತೆ ಹಿಗ್ಗಿಸಬೇಕು, ಚಿತ್ರ ಮಸುಕಾಗುತ್ತದೆ. ನಾವು 400 ಅಗಲ ಎಂದು ಇಟ್ಟೆವು. ಎತ್ತರ 300 ಬರುತ್ತದೆ. 400 ಗುಣಿಸು 300 ಗುಣಿಸು 4 ಅಂದರೆ 4 ಲಕ್ಷ 80 ಸಾವಿರ ಬೈಟ್. ಮೊದಲಿನ ನೂರನೇ ಒಂದು ಪಾಲು. ಅದೇ 100 ಎಂಬಿಯಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಚಿತ್ರ ಹಿಡಿಯುತ್ತವೆ. ಒಂದು ಸಾಲು ಸೇರಿಸಿದ್ದಕ್ಕೆ ದೂರು ನಿಂತಿತು.

ಅಗಲ, ಎತ್ತರ ಎರಡನ್ನೂ ಕೊಡಬೇಡಿ. ಎರಡನ್ನೂ ಕೊಟ್ಟರೆ ಅದು ಅನುಪಾತ ನೋಡದೆ ಅಷ್ಟಕ್ಕೇ ಒತ್ತುತ್ತದೆ. ನಮ್ಮಲ್ಲಿ ಒಮ್ಮೆ ಉದ್ದನೆಯ ಸೋಗೆ ಬಾಳೆಯ ದೊನ್ನೆಯ ಹಾಗೆ ಕುಳ್ಳಗಾಗಿ ಕಂಡಿತ್ತು. ಚುಕ್ಕೆಯ ಆಕಾರ ನೋಡಿ ರೋಗ ಹೇಳಬೇಕಾದ ಜಾಗದಲ್ಲಿ ಇದು ಸಣ್ಣ ತಪ್ಪಲ್ಲ. ಒಂದನ್ನು ಮಾತ್ರ ಕೊಟ್ಟರೆ ಇನ್ನೊಂದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಈಗ ವಿಜೆಟ್‌ಗೆ ಬರೋಣ. ಆ 400 ಎಂಬ ಅಂಕೆಯನ್ನು ಹದಿನೇಳು ಕಡೆ ಬರೆಯಲು ಹೊರಟಾಗಲೇ ನಮಗೆ ಇದು ಸರಿಯಲ್ಲ ಅನ್ನಿಸಿದ್ದು. ಎಲ್ಲವನ್ನೂ ಒಂದು ಕಡೆ ತಂದು, ಅದಕ್ಕೆ ತೋಟಚಿತ್ರ ಎಂದು ಹೆಸರಿಟ್ಟೆವು. ಆ್ಯಪಿನ ಬೇರೆ ಯಾವ ಫೈಲೂ ಕ್ಯಾಶ್ ಲೈಬ್ರರಿಯ ಹೆಸರೆತ್ತುವ ಹಾಗಿಲ್ಲ ಎಂಬುದು ನಮ್ಮೊಳಗಿನ ಕಟ್ಟಳೆ. ನಾಳೆ ಆ ಪ್ಯಾಕೇಜನ್ನು ನೋಡಿಕೊಳ್ಳುವವರು ಬಿಟ್ಟರೆ, ಬೇರೆಯದನ್ನು ತರಬೇಕಾದರೆ, ಬದಲಾಗಬೇಕಾದ್ದು ಒಂದು ಫೈಲ್.

ತೋಟಚಿತ್ರ ಕೇಳುವುದು ಸ್ವಲ್ಪವೇ. ಚಿತ್ರದ ಗುರುತು, ಅದನ್ನು ಯಾವ ಕೆಲಸಕ್ಕೆ ತೋರಿಸುತ್ತಿದ್ದೀರಿ, ಅದರ ಅಗಲ ಎತ್ತರದ ಅನುಪಾತ, ಅದರಲ್ಲೇನಿದೆ ಎಂಬ ಒಂದು ಸಾಲು. ಪಿಕ್ಸೆಲ್ ಕೇಳುವುದಿಲ್ಲ. ಪಟ್ಟಿಗೋ, ಪೂರ್ತಿ ಪರದೆಗೋ, ಹಿಗ್ಗಿಸಿ ನೋಡಲಿಕ್ಕೋ ಎಂದಷ್ಟೇ ಹೇಳಬೇಕು. 400, 800, 1600 ಎಂಬ ಮೂರೇ ಅಗಲಗಳಲ್ಲಿ ಯಾವುದು ಎಂಬುದನ್ನು ವಿಜೆಟ್ ತೀರ್ಮಾನಿಸುತ್ತದೆ. ಮೂರೇ ಯಾಕೆ ಎಂದರೆ, ಫ್ಲಟ್ಟರ್‌ನ ಮೆಮೊರಿ ಕ್ಯಾಶ್‌ಗೆ 400ರ ಚಿತ್ರ ಬೇರೆ, 412ರ ಚಿತ್ರ ಬೇರೆ. ಪರದೆಯ ಅಗಲವನ್ನೇ ಅಳೆದು ಕೊಡುತ್ತಾ ಹೋದರೆ ಫೋನ್ ಅಡ್ಡ ತಿರುಗಿಸಿದಾಗಲೆಲ್ಲ ಅದೇ ಚಿತ್ರ ಹೊಸ ಅಳತೆಯಲ್ಲಿ ಮತ್ತೆ ಬಿಡಿಸಿಕೊಂಡು ಕೂರುತ್ತದೆ. ಇದೇ ಮೂರು ಅಗಲಗಳಲ್ಲಿ ಸರ್ವರ್ ಕೂಡ ಚಿತ್ರ ತಯಾರು ಮಾಡಿಡುತ್ತದೆ, ಹಾಗಾಗಿ ಪಟ್ಟಿಗೆ ನಾಲ್ಕು ಎಂಬಿಯ ಮೂಲಚಿತ್ರ ಹರಿದುಬರುವುದೂ ತಪ್ಪಿತು. ಸರ್ವರ್‌ನಲ್ಲಿ ಚಿತ್ರ ಚಿಕ್ಕದು ಮಾಡುವವರಿಗೆ ಒಂದು ಮಾತು: ಕ್ಯಾಮೆರಾ ಬರೆದಿಟ್ಟ ದಿಕ್ಕಿನ ಮಾಹಿತಿಯನ್ನು ಓದಿ, ಚಿತ್ರವನ್ನು ನೆಟ್ಟಗೆ ಮಾಡಿ, ಆಮೇಲೆ ಕುಗ್ಗಿಸಿ. ಇಲ್ಲದಿದ್ದರೆ ಮರಗಳೆಲ್ಲ ಮಲಗಿರುತ್ತವೆ.

ಚಿತ್ರದ ಗುರುತು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಳಾಸ ಎಂದು ಹೇಳಲಿಲ್ಲ, ಗುರುತು ಎಂದೆ. ರೈತರ ತೋಟದ ಫೋಟೊಗಳು ಎಲ್ಲರಿಗೂ ತೆರೆದಿರಬಾರದು ಎಂದು ನಾವು ಸೈನ್ಡ್ ಯುಆರ್‌ಎಲ್ ಬಳಸುತ್ತಿದ್ದೆವು. ಸರ್ವರ್ ಪ್ರತಿ ಸಲ ಪಟ್ಟಿ ಕೊಡುವಾಗ ಒಂದೊಂದು ಚಿತ್ರಕ್ಕೂ ಸ್ವಲ್ಪ ಹೊತ್ತು ಮಾತ್ರ ನಡೆಯುವ ಒಂದು ವಿಳಾಸ ಕೊಡುತ್ತದೆ. ಅದರ ಬಾಲದಲ್ಲಿ ಸಹಿ ಮತ್ತು ಅವಧಿ ಇರುತ್ತವೆ. ಕ್ಯಾಶ್ ಮ್ಯಾನೇಜರ್ ಚಿತ್ರವನ್ನು ಗುರುತಿಸುವುದು ಪೂರ್ತಿ ವಿಳಾಸದಿಂದ. ಪ್ರತಿ ಸಲ ಬಾಲ ಬೇರೆ, ಆದ್ದರಿಂದ ಅದರ ಕಣ್ಣಿಗೆ ಪ್ರತಿ ಸಲ ಚಿತ್ರವೂ ಬೇರೆ. ಪಟ್ಟಿ ಹತ್ತು ಸಲ ತೆರೆದರೆ ಹತ್ತು ಸಲ ಡೌನ್‌ಲೋಡ್, ಅಟ್ಟದಲ್ಲಿ ಒಂದೇ ಚಿತ್ರದ ಹತ್ತು ಪ್ರತಿ. ಕ್ಯಾಶ್ ಇದೆ, ತುಂಬುತ್ತಲೂ ಇದೆ, ಆದರೆ ಒಂದು ಸಲವೂ ಅದರಿಂದ ಚಿತ್ರ ಹೊರಬರುವುದಿಲ್ಲ. ನಾನು ಇದನ್ನು ಕಂಡುಹಿಡಿದದ್ದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪಿನ ಕ್ಯಾಶ್ ಗಾತ್ರ ದಿನದಿಂದ ದಿನಕ್ಕೆ ಏರುತ್ತಿದ್ದುದನ್ನು ನೋಡಿ. ಕೋಡ್ ಓದಿದ್ದರೆ ಸಿಗುತ್ತಿರಲಿಲ್ಲ, ಕೋಡ್ ನೋಡಲು ಸರಿಯಾಗಿಯೇ ಇತ್ತು.

ಇದಕ್ಕೆ ಲೈಬ್ರರಿಯಲ್ಲೇ ದಾರಿ ಇದೆ. ಕ್ಯಾಶ್‌ಕೀ ಎಂಬ ಜಾಗದಲ್ಲಿ ನಮ್ಮದೇ ಕೀಲಿ ಕೊಡಬಹುದು. ತೋಟಚಿತ್ರ ತಾನೇ ಆ ಕೀಲಿ ಕಟ್ಟುತ್ತದೆ: ಡೇಟಾಬೇಸ್‌ನಲ್ಲಿ ಚಿತ್ರಕ್ಕಿರುವ ಐಡಿ, ಅದರ ಮುಂದೆ ಅಗಲ. ವಿಳಾಸದ ಬಾಲ ಏನೇ ಆಗಲಿ ಕೀಲಿ ಅದೇ. ಪರದೆ ಬರೆಯುವವರಿಗೆ ವಿಳಾಸ ಕೊಡುವ ಅವಕಾಶವನ್ನೇ ಕೊಡದಿದ್ದರೆ ಈ ತಪ್ಪು ಮತ್ತೆ ಆಗಲಾರದು. ಒಳ್ಳೆಯ ವಿಜೆಟ್ ಏನು ಮಾಡಲು ಬಿಡುತ್ತದೆ ಎಂಬುದರಷ್ಟೇ ಏನು ಮಾಡಲು ಬಿಡುವುದಿಲ್ಲ ಎಂಬುದೂ ಮುಖ್ಯ ಎಂದು ನಾನು ನಂಬುತ್ತೇನೆ.

ಕೀಲಿ ನಮ್ಮದಾದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ರೈತರು ತೋಟದಲ್ಲಿ ಫೋಟೊ ತೆಗೆದು, ಗುಡ್ಡ ಹತ್ತಿ ಬಂದು, ಸಿಗ್ನಲ್ ಸಿಕ್ಕ ಕಡೆ ನಿಂತು ಅದನ್ನು ಕಳಿಸುತ್ತಾರೆ. ಕಷ್ಟಪಟ್ಟು ಅಪ್‌ಲೋಡ್ ಆಗುತ್ತದೆ. ಕೂಡಲೇ ಪಟ್ಟಿ ತೆರೆಯುತ್ತದೆ. ಆಗ ನಮ್ಮ ಆ್ಯಪ್ ಏನು ಮಾಡುತ್ತಿತ್ತು ಗೊತ್ತೇ? ಅದೇ ಫೋನಿನಿಂದ ಈಗಷ್ಟೇ ಹೋದ ಚಿತ್ರವನ್ನು ಸರ್ವರ್‌ನಿಂದ ಮತ್ತೆ ಇಳಿಸುತ್ತಿತ್ತು. ಈಗ ಅಪ್‌ಲೋಡ್ ಮುಗಿದು ಐಡಿ ಸಿಕ್ಕ ಕ್ಷಣ, ಫೋನಿನಲ್ಲಿರುವ ಚಿತ್ರವನ್ನೇ 400ಕ್ಕೆ ಕುಗ್ಗಿಸಿ ಆ ಕೀಲಿಯ ಹೆಸರಲ್ಲಿ ಕ್ಯಾಶ್‌ಗೆ ಹಾಕಿಬಿಡುತ್ತೇವೆ. ಕ್ಯಾಶ್ ಮ್ಯಾನೇಜರ್‌ನಲ್ಲಿ ಪುಟ್‌ಫೈಲ್ ಎಂಬ ಕರೆ ಇರುವುದು ಇದಕ್ಕೇ. ಸಣ್ಣ ಕೆಲಸ, ಆದರೆ ನಾವು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಇದೇ. ದುಡ್ಡು ಕೊಟ್ಟು ಹಾಕಿಸಿದ ಡೇಟಾ ಅದು, ನಮ್ಮ ಉದಾಸೀನಕ್ಕೆ ಖರ್ಚಾಗಬಾರದು.

ಕಾಯುವಾಗ ಏನು ತೋರಿಸಬೇಕು ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಸುತ್ತುವ ಚಕ್ರವನ್ನು ತೆಗೆದುಹಾಕಿದೆವು. ಎಂಟು ಸಾಲಿನಲ್ಲಿ ಎಂಟು ಚಕ್ರ ತಿರುಗಿದರೆ ಕಣ್ಣಿಗೂ ಹಿಂಸೆ, ಬ್ಯಾಟರಿಗೂ ಭಾರ. ಅದರ ಬದಲು ಬ್ಲರ್‌ಹ್ಯಾಶ್. ಚಿತ್ರದ ಬಣ್ಣಗಳ ಮಸುಕು ರೂಪವನ್ನು 20ರಿಂದ 30 ಅಕ್ಷರಗಳ ಒಂದು ಸಾಲಿನಲ್ಲಿ ಅಡಗಿಸುವ ವಿಧಾನ ಅದು. ಪಟ್ಟಿಯ ಅಕ್ಷರಗಳ ಜತೆಗೇ ಬಂದುಬಿಡುತ್ತದೆ. ಹಸಿರು ಹಳದಿ ಮಸುಕಾಗಿ ಕಂಡು, ಮೆಲ್ಲನೆ ಸೋಗೆ ಮೂಡುತ್ತದೆ. ಮೂಡುವ ಹೊತ್ತು ಲೈಬ್ರರಿಯಲ್ಲಿ ಅರ್ಧ ಸೆಕೆಂಡ್ ಇರುತ್ತದೆ, ನಾವು 150 ಮಿಲಿಸೆಕೆಂಡ್‌ಗೆ ಇಳಿಸಿದೆವು.

ಅನುಪಾತವನ್ನು ಕಡ್ಡಾಯ ಮಾಡಿದ್ದಕ್ಕೆ ಬೇರೆ ಕಾರಣವಿದೆ. ಚಿತ್ರ ಬರುವ ಮುಂಚೆ ಅದರ ಜಾಗ ಎಷ್ಟು ಎಂದು ಗೊತ್ತಿಲ್ಲದಿದ್ದರೆ ಸಾಲು ಸೊನ್ನೆ ಎತ್ತರದಲ್ಲಿ ಕೂತಿದ್ದು, ಚಿತ್ರ ಬಂದ ಕೂಡಲೇ ಎದ್ದು ನಿಲ್ಲುತ್ತದೆ. ಕೆಳಗಿನ ಸಾಲುಗಳೆಲ್ಲ ಜಾರುತ್ತವೆ. ಬೆರಳು ಒಂದರ ಮೇಲೆ ಇಡಲು ಹೋಗಿ ಇನ್ನೊಂದರ ಮೇಲೆ ಬೀಳುತ್ತದೆ. ಉತ್ತರ ಬರೆಯುವ ತಜ್ಞರೊಬ್ಬರು ಹೀಗೆ ಒಬ್ಬರ ಫೋಟೊ ತೆರೆಯಲು ಹೋಗಿ ಇನ್ನೊಬ್ಬರಿಗೆ ಔಷಧಿ ಬರೆದು, ಕಳಿಸುವ ಮುಂಚೆ ನೋಡಿಕೊಂಡದ್ದನ್ನು ಹೇಳಿದಾಗ ನಮಗೆ ಎದೆ ಝಲ್ಲೆಂದಿತು. ಅಂದಿನಿಂದ ಅನುಪಾತವಿಲ್ಲದೆ ತೋಟಚಿತ್ರ ಕಂಪೈಲ್ ಆಗುವುದೇ ಇಲ್ಲ. 'ಅದರಲ್ಲೇನಿದೆ' ಎಂಬ ಸಾಲೂ ಹಾಗೆಯೇ ಕಡ್ಡಾಯ. ಕಣ್ಣು ಕಾಣದವರು ಟಾಕ್‌ಬ್ಯಾಕ್ (ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಹಾಕಿಕೊಂಡರೆ ಅದು ಓದುವುದು ಆ ಸಾಲನ್ನು.

ಚಿತ್ರ ಬಾರದೇ ಇದ್ದಾಗ ಮುರಿದ ಚಿತ್ರದ ಗುರುತು ಹಾಕಿ ಸುಮ್ಮನಾಗಬೇಡಿ. ನೆಟ್‌ವರ್ಕ್ ಇಲ್ಲದೆ ಬಾರದಿರುವುದು ಬೇರೆ, ಚಿತ್ರವನ್ನೇ ಅಳಿಸಿರುವುದು ಬೇರೆ, ವಿಳಾಸದ ಅವಧಿ ಮುಗಿದಿರುವುದು ಬೇರೆ. ಮೊದಲನೆಯದಕ್ಕೆ "ಸಿಗ್ನಲ್ ಸಿಕ್ಕ ಮೇಲೆ ಚಿತ್ರ ಬರುತ್ತದೆ" ಎಂದು ಕನ್ನಡದಲ್ಲಿ ಬರೆದು, ಮುಟ್ಟಿದರೆ ಮತ್ತೆ ಯತ್ನಿಸುತ್ತೇವೆ. ಅವಧಿ ಮುಗಿದಿದ್ದರೆ ಸರ್ವರ್ 403, ಅಂದರೆ ಅನುಮತಿ ಇಲ್ಲ, ಎನ್ನುತ್ತದೆ. ಅದನ್ನು ಬಳಕೆದಾರರಿಗೆ ತೋರಿಸುವ ಅಗತ್ಯವೇ ಇಲ್ಲ, ವಿಜೆಟ್ ಸದ್ದಿಲ್ಲದೆ ಹೊಸ ವಿಳಾಸ ಕೇಳಿ ತರುತ್ತದೆ.

ಈಗ ಮತ್ತೆ ಆ ತೋಟಕ್ಕೆ ಹೋಗೋಣ. ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಚಿತ್ರಕೋಶದ ಚಿತ್ರಗಳು ಮಾಯವಾಗಿದ್ದವು. ಕ್ಯಾಶ್ ಮ್ಯಾನೇಜರ್ ತಾನಾಗಿ ಇಟ್ಟುಕೊಳ್ಳುವುದು 200 ಫೈಲ್, 30 ದಿನ ಮುಟ್ಟದ ಫೈಲನ್ನೂ ತೆಗೆಯುತ್ತದೆ. ಮಳೆಗಾಲದಲ್ಲಿ ರೋಗ ಹೆಚ್ಚಾದಾಗ ಜನ ದಿನವೂ ಹೊಸ ಹೊಸ ಫೋಟೊ ನೋಡುತ್ತಾರೆ, ಆ 200 ಬೇಗ ತುಂಬುತ್ತದೆ. ಹೊರಗೆ ಹೋಗುವುದು ಹಳೆಯದು. ಚಿತ್ರಕೋಶವನ್ನು ವಾರಕ್ಕೊಮ್ಮೆ ತೆರೆಯುವವರಿಗೆ ಅದೇ ಹಳೆಯದು. ಹೀಗೆ ಇಂದು ನೋಡಿ ನಾಳೆ ಮರೆಯುವ ಚಿತ್ರಗಳು, ಬೇಕೇಬೇಕಾದ ಚಿತ್ರಗಳನ್ನು ಹೊರದೂಡಿದ್ದವು.

ಎರಡು ಬಗೆಯ ಚಿತ್ರಗಳಿಗೆ ಎರಡು ಕ್ಯಾಶ್ ಮ್ಯಾನೇಜರ್ ಮಾಡಿದೆವು. ಬೇರೆ ಬೇರೆ ಹೆಸರು, ಬೇರೆ ಬೇರೆ ಮಿತಿ. ಅದೂ ಸಾಲಲಿಲ್ಲ. ಕ್ಯಾಶ್ ಫೋಲ್ಡರ್ ಎಂದರೆ ಫೋನ್ ತನಗೆ ಜಾಗ ಸಾಲದಾಗ ನಮ್ಮನ್ನು ಕೇಳದೆ ಗುಡಿಸಬಹುದಾದ ಜಾಗ. ಆಂಡ್ರಾಯ್ಡ್‌ನಲ್ಲೂ ಹಾಗೆಯೇ, ಐಫೋನ್‌ನಲ್ಲೂ ಹಾಗೆಯೇ. ಫೋನ್ ತುಂಬಿತು ಎಂದು ಮನೆಯ ಮಕ್ಕಳು ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಶ್ ಅಳಿಸಿದರೂ ಅಷ್ಟೇ. ಹಾಗೆ ಅಳಿಸುವುದು ಅವರ ತಪ್ಪಲ್ಲ, ಆ ಬಟನ್ ಇರುವುದೇ ಅದಕ್ಕೆ. ಕಳೆದುಹೋದರೆ ಮತ್ತೆ ತರಬಹುದು ಎನ್ನುವುದನ್ನು ಮಾತ್ರ ಅಲ್ಲಿಡಬೇಕು. ತೋಟದಲ್ಲಿ ನಿಂತವರಿಗೆ ಮತ್ತೆ ತರಲಾಗುವುದಿಲ್ಲ, ಆದ್ದರಿಂದ ಚಿತ್ರಕೋಶ ಅಲ್ಲಿರಬಾರದು.

ಚಿತ್ರಕೋಶದ ಚಿತ್ರಗಳು ನೂರರೊಳಗೆ. ಪಟ್ಟಿಗೆ ಬೇಕಾದ ಸಣ್ಣ ಚಿತ್ರಗಳನ್ನು ಆ್ಯಪಿನ ಜತೆಗೇ ಕಟ್ಟಿ ಕಳಿಸಿದೆವು. 1600 ಅಗಲದ ದೊಡ್ಡವನ್ನು, ಮೊದಲ ಸಲ ವೈಫೈ ಸಿಕ್ಕಾಗ ಇಳಿಸಿ, ಕ್ಯಾಶ್ ಫೋಲ್ಡರ್ ಬಿಟ್ಟು ಆ್ಯಪಿನ ಸ್ವಂತ ಫೋಲ್ಡರ್‌ನಲ್ಲಿ ಇಡುತ್ತೇವೆ. ಎಷ್ಟು ಎಂಬಿ ಎಂದು ಮೊದಲೇ ತೋರಿಸಿ, ಒಪ್ಪಿಗೆ ಕೇಳಿ. ಮಳೆಗಾಲಕ್ಕೆ ಅಟ್ಟ ತುಂಬಿಸುವ ಕೆಲಸ ಇದು, ಹೊಳೆ ತುಂಬಿದ ಮೇಲೆ ಮಾಡಲಾಗದು. ಇಲ್ಲೂ ಪರದೆಯ ಕೋಡ್ ಒಂದಕ್ಷರ ಬದಲಾಗಲಿಲ್ಲ. ಕೀಲಿ ಚಿತ್ರಕೋಶದ್ದಾದರೆ ತೋಟಚಿತ್ರ ಮೊದಲು ಸ್ವಂತ ಫೋಲ್ಡರ್ ನೋಡುತ್ತದೆ, ಆಮೇಲೆ ಕ್ಯಾಶ್, ಕೊನೆಗೆ ಸರ್ವರ್.

ಪ್ರಶ್ನೆಗಳ ಹೊತ್ತಿನಲ್ಲಿ ಬಂದ ಕೆಲವನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಸರ್ವರ್‌ನಲ್ಲಿ ಚಿತ್ರ ಬದಲಾದರೆ ಹಳೆಯದೇ ಕಾಣುತ್ತಿರುತ್ತದಲ್ಲ? ಕಾಣುತ್ತದೆ. ಸರ್ವರ್ ಹೆಡರ್‌ನಲ್ಲಿ ಏನೂ ಹೇಳದಿದ್ದರೆ ಕ್ಯಾಶ್ ಮ್ಯಾನೇಜರ್ ಒಂದು ಫೈಲನ್ನು 7 ದಿನ ತಾಜಾ ಎಂದು ಎಣಿಸುತ್ತದೆ. ಅವಧಿ ಮುಗಿದ ಮೇಲೂ ಮೊದಲು ಹಳೆಯದನ್ನೇ ತೋರಿಸಿ, ಹಿಂದಿನಿಂದ ಇಟ್ಯಾಗ್ (ಫೈಲಿನ ಆ ಆವೃತ್ತಿಗೆ ಸರ್ವರ್ ಕೊಟ್ಟ ಗುರುತು) ಕಳಿಸಿ ವಿಚಾರಿಸುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂದು ಹೇಳಿ ಸುಮ್ಮನಾಗುತ್ತದೆ, ಚಿತ್ರ ಮತ್ತೆ ಬರುವುದಿಲ್ಲ. ಆದರೆ ನನ್ನ ಸಲಹೆ ಬೇರೆ: ಒಂದು ಐಡಿಯ ಚಿತ್ರವನ್ನು ಎಂದೂ ಬದಲಿಸಬೇಡಿ. ಹೊಸ ಚಿತ್ರಕ್ಕೆ ಹೊಸ ಐಡಿ. ಆಗ ಸರ್ವರ್ ಧೈರ್ಯವಾಗಿ ಮ್ಯಾಕ್ಸ್-ಏಜ್ 31536000 ಸೆಕೆಂಡ್ ಎಂದು, ಅಂದರೆ 365 ದಿನ ಇಟ್ಟುಕೊಳ್ಳಬಹುದು ಎಂದು ಹೇಳಬಹುದು. ಪ್ರೊಫೈಲ್ ಫೋಟೊ ಬದಲಿಸಿದರೂ ಹಳೆಯ ಮುಖ ಹೋಗುತ್ತಿಲ್ಲ ಎಂಬ ದೂರು ಹೆಚ್ಚಿನ ಆ್ಯಪ್‌ಗಳಲ್ಲಿ ಬರುವುದು ಒಂದೇ ವಿಳಾಸಕ್ಕೆ ಹೊಸ ಚಿತ್ರ ತುರುಕುವುದರಿಂದ.

ಲಾಗ್‌ಔಟ್ ಮಾಡಿದಾಗ? ಎರಡನ್ನೂ ಅಳಿಸಿ, ಮೆಮೊರಿಯದ್ದನ್ನೂ ಸ್ಟೋರೇಜ್‌ನದ್ದನ್ನೂ. ಹಳ್ಳಿ ಮನೆಗಳಲ್ಲಿ ಒಂದು ಫೋನನ್ನು ಮೂವರು ಬಳಸುತ್ತಾರೆ. ಒಬ್ಬರ ತೋಟದ ಚಿತ್ರ ಇನ್ನೊಬ್ಬರ ಲಾಗಿನ್‌ನಲ್ಲಿ ಇಣುಕಬಾರದು. ಚಿತ್ರಕೋಶ ಎಲ್ಲರದೂ, ಅದು ಉಳಿಯಲಿ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದ್ದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: "ಸರ್, ಅಷ್ಟು ದೊಡ್ಡದಾಗಿ ಬಿಡಿಸ್ತಾ ಇದೆ ಅಂತ ಕಣ್ಣಿಗೆ ಹೇಗೆ ಗೊತ್ತಾಗತ್ತೆ? ಪರದೇಲಿ ಎರಡೂ ಒಂದೇ ತರ ಕಾಣತ್ತಲ್ವಾ?" ಹೌದು, ಒಂದೇ ತರ ಕಾಣುತ್ತದೆ. ಅದಕ್ಕೆಂದೇ ಫ್ಲಟ್ಟರ್‌ನಲ್ಲಿ ಡೀಬಗ್ ಇನ್ವರ್ಟ್ ಓವರ್‌ಸೈಜ್ಡ್ ಇಮೇಜಸ್ ಎಂಬ ಒಂದು ಸ್ವಿಚ್ ಇದೆ. ಅದನ್ನು ಟ್ರೂ ಮಾಡಿದರೆ, ಬೇಕಾದ್ದಕ್ಕಿಂತ ದೊಡ್ಡದಾಗಿ ಬಿಡಿಸಿದ ಚಿತ್ರಗಳೆಲ್ಲ ತಲೆಕೆಳಗಾಗಿ, ಬಣ್ಣ ತಿರುವುಮುರುವಾಗಿ ಕಾಣುತ್ತವೆ. ವೇದಿಕೆಯ ಮೇಲೆಯೇ ನಮ್ಮ ಹಳೆಯ ಆವೃತ್ತಿಯಲ್ಲಿ ಅದನ್ನು ಹಾಕಿ ತೋರಿಸಿದೆ. ಪಟ್ಟಿಯ ಒಂದೊಂದು ಮರವೂ ಬೇರು ಮೇಲೆ ಸೋಗೆ ಕೆಳಗೆ, ಹಸಿರೆಲ್ಲ ನೇರಳೆ. ಆಮೇಲೆ ಹೊಸ ಆವೃತ್ತಿ ತೆರೆದೆ, ಮರಗಳು ನೆಟ್ಟಗೆ ನಿಂತಿದ್ದವು.

ಕೊನೆಗೆ ಅವಳೇ ಮತ್ತೆ ಕೇಳಿದಳು, ಬಿಡುಗಡೆ ಮಾಡುವ ಮುಂಚೆ ನೀವು ಏನನ್ನು ಪರೀಕ್ಷೆ ಮಾಡುತ್ತೀರಿ ಎಂದು. ನಮ್ಮ ಹತ್ತಿರ 2 ಜಿಬಿ ರ‍್ಯಾಮ್‌ನ ಒಂದು ಹಳೆಯ ಫೋನಿದೆ. ವೈಫೈಯಲ್ಲಿ ಆ್ಯಪ್ ತೆರೆದು ಚಿತ್ರಕೋಶ ಇಳಿಸುತ್ತೇವೆ. ಆ್ಯಪ್ ಮುಚ್ಚಿ, ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಶ್ ಅಳಿಸುತ್ತೇವೆ. ಏರೋಪ್ಲೇನ್ ಮೋಡ್ ಹಾಕಿ, ಫೋನ್ ಆಫ್ ಮಾಡಿ ಆನ್ ಮಾಡುತ್ತೇವೆ. ಆಮೇಲೆ ಎಲೆಚುಕ್ಕಿಯ ಚಿತ್ರ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ, ಕಂದು ಚುಕ್ಕೆಯ ಸುತ್ತ ಹಳದಿ ಅಂಚು ಕಾಣುತ್ತದೆಯೇ ಎಂದು ನೋಡುತ್ತೇವೆ.